ನೀಲಿ ಬಾಗಿಲಿನ ಮೂರನೇ ಕೋಣೆ

ಯಾಮಿನಿ ಸುಳ್ಳು ಅಂಕಿಗಳನ್ನು ಬರೆದಿರಲಿಲ್ಲ. ಬರೆದವನು ಧೀರಜ್. ಇದು ಮೂವರಿಗೆ ಮಾತ್ರ ಗೊತ್ತಿತ್ತು: ಯಾಮಿನಿಗೆ, ಧೀರಜನಿಗೆ, ಮತ್ತು ತುಂಬ ತಡವಾಗಿ ನಂಬಿದ ವಸುಂಧರಾಗೆ.

ಯಾಮಿನಿ ವಸುಂಧರಾಳ ಚಿಕ್ಕಮ್ಮನ ಮಗಳು, ಮೈಸೂರಿನ ಒಂದೇ ಮನೆಯಲ್ಲಿ ಜೊತೆಗೆ ಬೆಳೆದವಳು. ಕ್ಯೋಟೋದ ಒಂದು ಪ್ರಯೋಗಾಲಯದಲ್ಲಿ ಅವಳೂ ಧೀರಜನೂ ಎದುರುಬದುರು ಮೇಜುಗಳಲ್ಲಿ ಕೂತು ಡಾಕ್ಟರೇಟಿಗೆ ದುಡಿಯುತ್ತಿದ್ದರು. ನಾಲ್ಕನೇ ವರ್ಷ ಅವಳ ಪ್ರಯೋಗಗಳ ಫಲಿತಾಂಶ ಅವನ ಪ್ರಬಂಧದ ಬುಡವನ್ನೇ ಅಲುಗಿಸುವ ಹಾಗೆ ಬಂತು. ಒಂದು ಮಧ್ಯಾಹ್ನ ಅವಳು ಊಟಕ್ಕೆ ಹೋದಾಗ ಅವಳ ಕಂಪ್ಯೂಟರಿನೊಳಗಿನ ಅಂಕಿಗಳು ಬದಲಾದವು. ವಾರ ಕಳೆದ ಮೇಲೆ ಧೀರಜನೇ ಬಹಳ ನೊಂದವನ ಮುಖ ಮಾಡಿಕೊಂಡು ಪ್ರೊಫೆಸರರಿಗೆ ಅದನ್ನು ತೋರಿಸಿದ. ವಿಚಾರಣಾ ಸಮಿತಿಯವರು ತಲೆಬಾಗಿ ವಂದಿಸಿ, ಮೆಲುದನಿಯಲ್ಲಿ ಮಾತಾಡಿ, ಯಾಮಿನಿಯನ್ನು ಹೊರಗೆ ಕಳಿಸಿದರು. ಅವಳು ಮೈಸೂರಿಗೆ ಬಂದಿಳಿದ ದಿನ ವಸುಂಧರಾ ಕೇಳಿದ್ದು ಒಂದೇ ಪ್ರಶ್ನೆ. “ನಿಜವಾಗ್ಲೂ ನೀನು ಮಾಡಿಲ್ಲ ತಾನೆ?”

ಯಾಮಿನಿ ತನ್ನ ಚೀಲ ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಹೆಚ್ಚುಕಡಿಮೆ ಯಾವುದಕ್ಕೂ ಉತ್ತರ ಕೊಡುವುದನ್ನೇ ಬಿಟ್ಟಳು.

ಎರಡು ವರ್ಷದ ನಂತರ ಕಂಪನಿ ವಸುಂಧರಾಳನ್ನು ಒಸಾಕಾಕ್ಕೆ ಕಳಿಸಿತು. ಅಲ್ಲಿನ ಕನ್ನಡ ಕೂಟದಲ್ಲಿ ಧೀರಜ್ ಎಲ್ಲರಿಗೂ ಬೇಕಾದವನಾಗಿದ್ದ. ಮಕ್ಕಳನ್ನು ಹೆಗಲ ಮೇಲೆ ಹೊರುತ್ತಿದ್ದ, ಹೊಸದಾಗಿ ಬಂದವರಿಗೆ ಮನೆ ಹುಡುಕಿಕೊಡುತ್ತಿದ್ದ, ಅಂಗೈಯಲ್ಲಿ ಹಿಡಿಸುವ ಕ್ಯಾಮೆರಾದಲ್ಲಿ ಎಲ್ಲರ ವಿಡಿಯೋ ತೆಗೆಯುತ್ತಿದ್ದ. ವಸುಂಧರಾ ಯಾರ ಅಕ್ಕ ಎಂದು ಅವನಿಗೆ ಗೊತ್ತಿರಲಿಲ್ಲ, ಅವಳೂ ಹೇಳಲಿಲ್ಲ. ಏಪ್ರಿಲಿನಲ್ಲಿ ಕ್ಯೋಟೋದ ಕಾಮೋ ನದಿಯ ದಂಡೆಯಲ್ಲಿ ಎಲ್ಲರೂ ಚಾಪೆ ಹಾಸಿ ಕೂತಿದ್ದಾಗ, ಸಾಕೆ ಎಂಬ ಅಕ್ಕಿಯ ಮದ್ಯ ಎರಡು ಲೋಟ ಇಳಿದ ಮೇಲೆ, ಅವನು ನಗುತ್ತ ಹೇಳಿದ: “ಲ್ಯಾಬಲ್ಲಿ ಪಾಸ್‌ವರ್ಡ್ ಚೀಟಿಲಿ ಬರ್ದು ಅಂಟಿಸಿ ಲಂಚ್‌ಗೆ ಹೋಗೋರಿದ್ರು ಅಕ್ಕ. ಅಂಥೋರಿಗೆ ಸೈನ್ಸ್ ಆಗಿ ಬರಲ್ಲ ಬಿಡಿ.”

ವಸುಂಧರಾಳೂ ನಕ್ಕಳು. ಅವಳ ಯೋಜನೆ ಶುರುವಾದದ್ದು ಆ ನಗುವಿನಿಂದಲೇ.

ಅವನನ್ನು ಕೊಲ್ಲುವ ಯೋಚನೆ ಅವಳಿಗೆ ಒಂದು ಸಲವೂ ಬರಲಿಲ್ಲ. ಸತ್ತವನಿಗೆ ಹೆಸರು ಕೆಟ್ಟರೂ ಗೊತ್ತಾಗುವುದಿಲ್ಲ. ಅವನು ಬದುಕಿರಬೇಕು, ಮಾಡದ ತಪ್ಪಿಗೆ ಸಿಕ್ಕಿಬೀಳಬೇಕು, ನಾನಲ್ಲ ಎಂದು ಬಾಯಿಬಿಟ್ಟು ಹೇಳಬೇಕು, ಯಾರೂ ನಂಬಬಾರದು. ಜಪಾನಿನಲ್ಲಿ ಹೆಂಗಸರನ್ನು ಕದ್ದು ಚಿತ್ರೀಕರಿಸಿದವನ ಗತಿ ಏನಾಗುತ್ತದೆ ಎಂಬುದನ್ನು ಅವಳು ಪತ್ರಿಕೆಗಳಲ್ಲಿ ಓದಿದ್ದಳು. ಕೆಲಸ, ವೀಸಾ, ಮರ್ಯಾದೆ, ಎಲ್ಲ ಒಂದೇ ವಾರದಲ್ಲಿ ಮುಗಿಯುತ್ತಿತ್ತು.

ಕೂಟದ ಆಗಸ್ಟ್ ಪ್ರವಾಸಕ್ಕೆ ಸೆತೋ ಒಳಗಡಲಿನ ಒಂದು ದ್ವೀಪ ಗೊತ್ತಾಯಿತು. ಅಲ್ಲಿನ ರೆಸಾರ್ಟನ್ನು ಗ್ರೀಸಿನ ದ್ವೀಪದ ಹಾಗೆ ಕಟ್ಟಿದ್ದರು: ಬಿಳಿ ಗೋಡೆ, ನೀಲಿ ಗುಮ್ಮಟ, ಗುಡ್ಡದ ಮೇಲೆ ಆಲಿವ್ ತೋಟ, ದಿನವಿಡೀ ಧ್ವನಿವರ್ಧಕದಲ್ಲಿ ಗ್ರೀಕ್ ಕುಣಿತದ ಹಾಡು. ಮಧ್ಯಾಹ್ನ ಎರಡೂವರೆಗೆ ಅತಿಥಿಗಳೆಲ್ಲ ಅಂಗಳದಲ್ಲಿ ಸೇರಿ ತಟ್ಟೆ ಒಡೆದು ಕುಣಿಯುವುದು ಅಲ್ಲಿನ ಸಂಭ್ರಮ. ಮರಳಿನ ಅಂಚಿನಲ್ಲಿ ಬಟ್ಟೆ ಬದಲಿಸುವ ಐದು ಪುಟ್ಟ ಕೋಣೆಗಳು, ನೀಲಿ ಬಾಗಿಲಿನವು. ಗಂಡಸು ಹೆಂಗಸು ಎಂಬ ಭೇದವಿಲ್ಲ. ಖಾಲಿಯಾದ ಕೋಣೆಗೆ ಸಾಲಿನಲ್ಲಿ ಮುಂದಿನವರು. ರೆಸಾರ್ಟಿನ ಜಾಲತಾಣದ ಚಿತ್ರಗಳಲ್ಲಿ ಇದನ್ನು ನೋಡಿದಾಗ ವಸುಂಧರಾಗೆ ಉಳಿದದ್ದೆಲ್ಲ ತಾನಾಗಿ ಕೂಡಿಬಂತು.

ಬೆಂಕಿಪೊಟ್ಟಣದ ಅರ್ಧದಷ್ಟಿರುವ ಕ್ಯಾಮೆರಾವನ್ನು ಅವಳು ಒಸಾಕಾದ ಒಂದು ಹಳೇ ಸಾಮಾನಿನ ಸಂತೆಯಲ್ಲಿ ಕೊಂಡಳು. ಅದರ ಗಡಿಯಾರವನ್ನು ಬೇಕೆಂದೇ ಹೊಂದಿಸಲಿಲ್ಲ. ಹೊತ್ತು ದಾಖಲಾಗದಿದ್ದರೆ ಹೊತ್ತಿನ ಲೆಕ್ಕ ಕೇಳುವವರಿರುವುದಿಲ್ಲ. ನದೀದಂಡೆಯ ವಿಡಿಯೋಗಳನ್ನು ಎಲ್ಲರಿಗೂ ಹಂಚುವ ನೆಪದಲ್ಲಿ ಧೀರಜನ ಕ್ಯಾಮೆರಾದ ಉಗುರಿನಷ್ಟಗಲದ ಕಾರ್ಡನ್ನು ಪಡೆದು, ಅಂಥದೇ ಇನ್ನೊಂದಕ್ಕೆ ಎಲ್ಲವನ್ನೂ ಪ್ರತಿ ಮಾಡಿ, ಪ್ರತಿಯನ್ನು ಹಿಂತಿರುಗಿಸಿದಳು. ಅವನ ಬೆರಳಚ್ಚಿದ್ದ ಮೂಲ ಕಾರ್ಡು ಈಗ ಈ ಪುಟ್ಟ ಕ್ಯಾಮೆರಾದ ಒಳಗೆ ಇತ್ತು, ಅವನ ಹುಟ್ಟುಹಬ್ಬದ ಚಿತ್ರಗಳ ಸಮೇತ. ಪ್ರವಾಸದ ಬೆಳಿಗ್ಗೆ ದೋಣಿಯಲ್ಲಿ ಕೂಟದ ಬ್ಯಾನರ್ ಕಟ್ಟುವಾಗ, ಎರಡೂ ಬದಿಗೆ ಅಂಟುವ ಟೇಪಿನ ತುಂಡುಗಳನ್ನು ಅವನ ಕೈಯಲ್ಲೇ ಕತ್ತರಿಸಿ ಹಚ್ಚಿಸಿದಳು. ಅವನ ಹೆಬ್ಬೆಟ್ಟು ಚೆನ್ನಾಗಿ ಮೂಡಿದ್ದ ಒಂದು ತುಂಡು ಅವಳ ಚೀಲ ಸೇರಿತು. ಅವಳ ಕೈಗೆ ಮೊಣಕೈವರೆಗೆ ಬಿಳಿ ಗವಸು ಇತ್ತು. ಬಿಸಿಲಿಗೆ ಅಂಜಿ ಗವಸು ತೊಟ್ಟ ಹೆಂಗಸರು ಆ ಕಡಲತೀರದಲ್ಲಿ ನೂರು ಜನ ಇದ್ದರು.

ಕೋಣೆಯೊಳಗೆ ಮಾಡಬೇಕಾದದ್ದನ್ನು ಅವಳು ಮನೆಯ ಸ್ನಾನದ ಕೋಣೆಯಲ್ಲಿ ಹನ್ನೊಂದು ಸಲ ಮಾಡಿ ನೋಡಿದ್ದಳು. ಮೊದಲು ಹೆಬ್ಬೆರಳಿನಿಂದ ಮಸೂರ ಮುಚ್ಚಬೇಕು, ಗುಂಡಿ ಒತ್ತಬೇಕು, ಕ್ಯಾಮೆರಾವನ್ನು ಬೆಂಚಿನ ಎದುರು ಗೋಡೆಯ ಮೇಲಿನ ಹಲಗೆಯ ಕೆಳಗೆ ಅಂಟಿಸಬೇಕು, ಆಮೇಲೆ ಬೆರಳು ತೆಗೆಯಬೇಕು. ಚಿತ್ರದಲ್ಲಿ ಬೀಳುವುದು ಬೆಂಚು ಮಾತ್ರ, ಬಾಗಿಲು ಬೀಳುವುದಿಲ್ಲ. ಒಂದು ನಿಮಿಷ ಗೋಡೆಗೆ ಒರಗಿ ನಿಂತು, ಈಗಷ್ಟೇ ಒಳಬಂದವಳ ಹಾಗೆ ಬೆಂಚಿನ ಮೇಲೆ ಕೂತು ಟೋಪಿ ತೆಗೆದು, ತಲೆಯೆತ್ತಿ ನೋಡಬೇಕು. ಚಿತ್ರ ನೋಡಿದವರಿಗೆ ಕಾಣುವುದು ಇಷ್ಟೇ: ಕತ್ತಲೆ, ಖಾಲಿ ಬೆಂಚು, ಬೆದರಿದ ಹೆಂಗಸು. ಬೇರೆ ಯಾವ ಹೆಣ್ಣಿನ ಮಾನಕ್ಕೂ ಧಕ್ಕೆಯಿಲ್ಲ. ಈ ಅಂಶದ ಬಗ್ಗೆ ಅವಳಿಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಎಲ್ಲವೂ ಎಣಿಸಿದ ಹಾಗೇ ನಡೆಯಿತು. ಎರಡು ಗಂಟೆಗೆ ಜನ ನೀರಿನಿಂದ ಮೇಲೆ ಬಂದು ಸಾಲು ನಿಂತರು. ವಸುಂಧರಾ ಧೀರಜನ ಹಿಂದೆಯೇ ನಿಂತಳು. ಅವನು ಮೈತುಂಬ ಮರಳಿದ್ದರೂ ಅವಳ ಚೀಲವನ್ನು ಹಿಡಿದುಕೊಂಡು, ಕೊಂಬಿನಿ ಅಂಗಡಿಯಿಂದ ತಂದ ತಣ್ಣನೆಯ ಚಹಾದ ಬಾಟಲಿಯನ್ನು ಅವಳಿಗೆ ಕೊಟ್ಟ. ಕ್ಯಾಮೆರಾ ಆ ಚೀಲದಲ್ಲೇ ಇತ್ತು. ಅವನಿಗೆ ಮೂರನೇ ಕೋಣೆ ಸಿಕ್ಕಿತು. ಬಾಗಿಲು ಕಾಯುವ ಒಕಾದಾ ಸಾನ್ ಎಂಬ ಮುದುಕಿ ಮುಂದಿನ ಖಾಲಿ ಕೋಣೆಯನ್ನು ತೋರಿಸಿದಾಗ ವಸುಂಧರಾ ಏನೋ ಹುಡುಕುವವಳಂತೆ ಚೀಲ ಕೆದಕುತ್ತ ಹಿಂದಿನವರನ್ನು ಮುಂದೆ ಬಿಟ್ಟಳು. ಧೀರಜ್ ಹೊರಬಂದ ತಕ್ಷಣ ಒಳಗೆ ಹೋದಳು. ಮೂರು ನಿಮಿಷ ಹಿಡಿಯಿತು. ಅಂಗಳದಲ್ಲಿ ಮೊದಲ ತಟ್ಟೆ ಒಡೆಯುವ ಹೊತ್ತಿಗೆ ಅವಳು ಬಾಗಿಲು ತೆರೆದು, ಬಿಳಿಚಿದ ಮುಖದಲ್ಲಿ, “ಸುಮಿಮಾಸೆನ್, ಕ್ಷಮಿಸಿ” ಎಂದು ಒಕಾದಾ ಸಾನ್‌ಳ ತೋಳು ಹಿಡಿದಿದ್ದಳು.

ದ್ವೀಪದ ಠಾಣೆಯಿಂದ ಇಬ್ಬರು ಪೊಲೀಸರು ಸೈಕಲ್ಲಿನಲ್ಲಿ ಬಂದರು. ರೆಸಾರ್ಟಿನ ಕಚೇರಿ ಚಿಕ್ಕದು, ನಡುವೆ ಅರೆಎತ್ತರದ ಗಾಜಿನ ಗೋಡೆ. ಕಾರ್ಡಿನಲ್ಲಿ ಧೀರಜನ ಮುಖ ಸಿಗಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಒಕಾದಾ ಸಾನ್ ಸ್ಪಷ್ಟವಾಗಿ ಹೇಳಿದಳು: ಇವರಿಗಿಂತ ಮುಂಚೆ ಒಳಗಿದ್ದದ್ದು ಆ ಹುಡುಗನೇ. ಅವನನ್ನು ಕರೆತಂದು ಗಾಜಿನ ಆಚೆ ಕೂರಿಸಿದರು. ಕೂಟದವರು ಕಿಟಕಿಯ ಹೊರಗೆ ಗುಂಪುಗೂಡಿ, ಅವನು ನೋಡಿದಾಗ ಮುಖ ತಿರುಗಿಸಿಕೊಂಡರು.

“ನಾನಲ್ಲ,” ಎಂದು ಅವನು ಜಪಾನಿಯಲ್ಲಿ ಹೇಳುತ್ತಿದ್ದ. ಆಮೇಲೆ ಕನ್ನಡದಲ್ಲಿ, ಅವಳ ಕಡೆ ತಿರುಗಿ: “ಅಕ್ಕ, ನಾನಲ್ಲ. ನೀವಾದ್ರೂ ನಂಬಿ.”

ವಸುಂಧರಾ ತಲೆ ತಗ್ಗಿಸಿದಳು. ಯಾಮಿನಿ ಮೈಸೂರಿಗೆ ಮರಳಿದ ಮೇಲೆ ಇಷ್ಟು ಹಗುರ ಅವಳಿಗೆ ಎಂದೂ ಅನ್ನಿಸಿರಲಿಲ್ಲ.

ಹಿರಿಯ ಪೊಲೀಸ್ ನಕಹಾರಾ ಸಾನ್ ತುಂಬ ಸಂಕೋಚದಿಂದ ಲ್ಯಾಪ್‌ಟಾಪನ್ನು ಅವಳತ್ತ ತಿರುಗಿಸಿ, ಇದರಲ್ಲಿರುವವರು ನೀವೇ ಎಂದು ಒಮ್ಮೆ ನೋಡಿ ಖಚಿತಪಡಿಸಬೇಕು, ಆಮೇಲೆ ನಿಮಗೆ ತೊಂದರೆ ಕೊಡುವುದಿಲ್ಲ ಎಂದ. ಪರದೆ ಕಪ್ಪಾಗಿತ್ತು, ಅವಳು ಮುಚ್ಚಿದ್ದ ಹೆಬ್ಬೆರಳಿನ ಕಪ್ಪು. ಆ ಕಪ್ಪಿನೊಳಗಿಂದ ಒಂದು ಹೆಂಗಸಿನ ದನಿ ಮೆಲ್ಲಗೆ, ಮಗುವನ್ನು ಸಮಾಧಾನ ಮಾಡುವ ಹಾಗೆ, ಕನ್ನಡದಲ್ಲಿ ಮಾತಾಡತೊಡಗಿತು: “ಆಯ್ತು ಕಣೇ ಯಾಮಿನಿ, ಇನ್ನೊಂಚೂರು ತಾಳು. ನಿಂಗೆ ಅವನು ಮಾಡಿದ್ದನ್ನೇ ಅವನಿಗೆ ಮಾಡ್ತಿದೀನಿ.” ವಸುಂಧರಾ ಅದನ್ನು ಯಾರದೋ ದನಿಯೆಂದೇ ಕೇಳಿದಳು. ತಾನು ಬಾಯಿಬಿಟ್ಟು ಮಾತಾಡಿದ್ದೇ ಅವಳಿಗೆ ಗೊತ್ತಿರಲಿಲ್ಲ. ಇದು ಯಾವ ಭಾಷೆ, ಏನು ಹೇಳುತ್ತಿದ್ದಾರೆ ಎಂದು ನಕಹಾರಾ ಸಾನ್ ವಿನಯದಿಂದಲೇ ಕೇಳಿದ. ಸುಳ್ಳೊಂದು ಅವಳ ನಾಲಿಗೆಗೆ ಬಂದೇಬಿಟ್ಟಿತ್ತು, ಅಷ್ಟರಲ್ಲಿ ಗಾಜಿನ ಆಚೆ ಯಾಮಿನಿಯ ಹೆಸರು ಕೇಳಿದ ಧೀರಜ್ ಎದ್ದು ನಿಂತಿದ್ದ. ಅವನು ಅವಳನ್ನೇ ನೋಡುತ್ತ, ನಿಧಾನವಾದ ಸ್ವಚ್ಛ ಜಪಾನಿಯಲ್ಲಿ, ತಾನು ಅನುವಾದ ಮಾಡಿ ಹೇಳುವೆ ಎಂದ. ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದೊಳಗೆ ಆ ಕ್ಯಾಮೆರಾ ಮಲಗಿತ್ತು; ಅದರ ಮಸೂರದ ಕೆಳಗೆ, ಸೂಜಿಯ ಮೊನೆಯಷ್ಟಿದ್ದ ಮೈಕಿನ ತೂತನ್ನು ವಸುಂಧರಾ ಈಗ ಮೊದಲ ಸಲ ನೋಡಿದಳು.