ಅರ್ಧ ಕಡ್ಡಿ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಇದು ನಡೆದದ್ದು ಹಾಡಹಗಲಲ್ಲಿ.

ಯಾವ ನೆಲದಲ್ಲಿ ಯಾವ ಜಾತಿಯ ಎಷ್ಟು ಅಣಬೆ ಏಳುತ್ತವೆಂದು ಎಣಿಸುವುದು ನನ್ನ ಕೆಲಸ. ಒಂದನ್ನೇ ಎರಡು ಸಲ ಎಣಿಸಬಾರದೆಂದು, ಎಣಿಸಿದ್ದರ ಪಕ್ಕ ಒಂದು ಬೆಂಕಿಕಡ್ಡಿ ನೆಡುತ್ತೇವೆ. ಹನ್ನೊಂದು ವರ್ಷ ನನ್ನ ಜೊತೆಗಿದ್ದ ಹಿರಿಯರನ್ನು ನಾನು ಅಣ್ಣ ಅಂತಲೇ ಕರೆಯುತ್ತಿದ್ದೆ. ಅವರು ಕಡ್ಡಿ ಮುರಿದು ಅರ್ಧವನ್ನಷ್ಟೇ ನೆಡುತ್ತಿದ್ದರು. "ಅಣಬೆಗೆ ಇಷ್ಟು ಸಾಕು ಕಣಯ್ಯಾ, ಅದಕ್ಕೇನು ಬಾವುಟದ ಕಂಬ ಬೇಕಾ?" ಅನ್ನೋರು.

ಹೋದ ವರ್ಷ ತೀರಿಕೊಂಡರು. ಈ ಸಲ ಒಬ್ಬನೇ ಹೋದೆ. ಎಣಿಕೆಯನ್ನು ಜೋರಾಗಿ ಹೇಳಿದರೆ ಬರೆದುಕೊಳ್ಳುವವರಿರಲಿಲ್ಲ.

ಹುಲ್ಲುಗಾವಲಿನಲ್ಲಿ ಏಳು ಜಾತಿ ಸಿಕ್ಕವು. ಆಮೇಲೆ ಮರಗಳ ಕೆಳಗೆ ಹೋದೆ. ಅಲ್ಲಿನ ಅಣಬೆಗಳು ಆ ಬೆಳಿಗ್ಗೆಯಷ್ಟೇ ನೆಲ ಸೀಳಿ ಎದ್ದಿದ್ದವು, ತಲೆಯ ಮೇಲೆ ಇನ್ನೂ ಹಸಿಮಣ್ಣಿತ್ತು. ಪ್ರತಿಯೊಂದರ ಪಕ್ಕದಲ್ಲೂ ಅರ್ಧ ಕಡ್ಡಿ. ಒಂದನ್ನು ಕಿತ್ತು ನೋಡಿದೆ. ಈಗಷ್ಟೇ ಯಾರದೋ ಬೆರಳು ಬಿಟ್ಟ ಹಾಗೆ ಬೆಚ್ಚಗಿತ್ತು.

"ಅಣ್ಣಾ?" ಅಂದೆ.

ಅಲ್ಲೇ ಕುಳಿತೆ. ಕಡ್ಡಿಗಳನ್ನೆಲ್ಲ ಎಣಿಸಿ ಬರೆದುಕೊಂಡೆ: ನಲವತ್ತಮೂರು. ಎದ್ದು, ಬಟ್ಟೆಗೆ ಅಂಟಿದ ಎಲೆ ಕೊಡವಿ, ತಿರುಗಿ ನೋಡಿದೆ.

ನಾನು ಕುಳಿತಿದ್ದ ಜಾಗದ ಪಕ್ಕದಲ್ಲಿ ನಲವತ್ತನಾಲ್ಕನೆಯ ಅರ್ಧ ಕಡ್ಡಿ ನಿಂತಿತ್ತು.