ಬಲಗೆನ್ನೆಗೆ ಗಾಳಿ

"ರೀ, ಕಾಫಿ ಆರಿ ಹೋಗ್ತಿದೆ. ಆಮೇಲೆ ಬಿಸಿ ಮಾಡ್ಕೊಡು ಅಂತ ನನ್ನ ಪ್ರಾಣ ತಿನ್ನಬೇಡಿ."

ಎಪ್ಪತ್ತು ದಾಟಿದ ಜುದಿತಾ ಹೀಗೆ ಗದರಿದ್ದು ಮೂವತ್ತೂ ತುಂಬದ ಎನೋಕ್‌ನನ್ನು. ಊರಲ್ಲಿ ಯಾರಿಗೂ ಇದು ವಿಚಿತ್ರ ಅನ್ನಿಸುತ್ತಿರಲಿಲ್ಲ. ಜುದಿತಾಳ ಗಂಡ ಎನೋಕ್ ತೀರಿಹೋದ ಮೇಲೆ ಹುಟ್ಟಿದ ಮೊದಲ ಗಂಡುಮಗು ಇವನು. ಹೆಸರು ಕೊಟ್ಟರೆ ಹೋದವರು ಅದರೊಳಗೆ ಮರಳುತ್ತಾರೆ ಎಂದು ಗ್ರೀನ್‌ಲ್ಯಾಂಡಿನ ಹಿರಿಯರು ನಂಬುತ್ತಾರೆ. ತೊಟ್ಟಿಲಲ್ಲಿ ಮಲಗಿದ್ದಾಗಿನಿಂದಲೂ ಅವನು ಜುದಿತಾಳಿಗೆ 'ರೀ'. ಹುಡುಗನಾಗಿದ್ದಾಗ ಮೊದಲು ಹೊಡೆದ ಹಕ್ಕಿಯನ್ನು ಅವನು ತಂದುಕೊಟ್ಟದ್ದೂ ಈ 'ಹೆಂಡತಿ'ಗೇ.

ಹಾಗಾಗಿ ಜುದಿತಾಳ ಮೊಮ್ಮಗಳು ತುಪರ್ನಾಳಿಗೆ ಅವನು ಅಜ್ಜ. ಅವನ ಹೆಸರು ಹಿಡಿದು ಅವಳು ಯಾವತ್ತೂ ಕರೆದವಳಲ್ಲ.

"ಅಜ್ಜ, ಗಡ್ಡಕ್ಕೆ ಜಾಮ್ ಹತ್ತಿದೆ," "ಅಜ್ಜ, ವಯಸ್ಸಾಯ್ತು, ನಿಧಾನ ಇಳಿ" ಎಂದು ಕಾಡದೆ ಅವಳಿಗೆ ಬೆಳಗಾಗುತ್ತಿರಲಿಲ್ಲ. ಇವತ್ತು ಮಾತ್ರ ಅವಳು ಬೆನ್ನು ತಿರುಗಿಸಿ ನಿಂತು ಬ್ರೆಡ್ಡಿಗೆ ಬೆಣ್ಣೆ ಸವರಿದಳು. ಸವರಿದ ಮೇಲೂ ಸವರುತ್ತಲೇ ಇದ್ದಳು.

"ಏನೇ, ಆ ಬ್ರೆಡ್ಡಿಗೆ ಬಣ್ಣ ಹೊಡೀತಿದ್ದೀಯಾ?" ಎಂದಳು ಜುದಿತಾ.

ಎನೋಕ್ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿ ಎದ್ದ. ಬಾಗಿಲಾಚೆಯ ಚಿಕ್ಕ ಕೋಣೆಯಲ್ಲಿ ಬೂಟು ಹಾಕಿಕೊಳ್ಳುತ್ತಾ, ತುಪರ್ನಾ ಕೋಟು ತೆಗೆದುಕೊಳ್ಳಲು ಬರುವವರೆಗೂ ಲೇಸು ಕಟ್ಟುತ್ತಲೇ ಕೂತ.

"ನಿನ್ನೆ 'ಬೇಡ' ಅಂದೆ. ಸರಿ. ಕಾರಣ ಹೇಳು," ಎಂದ ತಲೆ ಎತ್ತದೆ. "ನನ್ನ ಕಾಲು ವಾಸನೆ ಅಂತಲಾದರೂ ಹೇಳು."

"ಅದೂ ಒಂದು."

"ಇನ್ನೊಂದು?"

"ಅಜ್ಜನ ಜೊತೆ ಯಾರಾದರೂ ಮನೆ ಮಾಡ್ತಾರಾ? ಊರು ನಗುತ್ತೆ."

"ಊರು ನಾವು ಸ್ಕೂಲಿಗೆ ಹೋಗ್ತಿದ್ದಾಗಿನಿಂದ ನಗ್ತಿದೆ. ಹೆಸರಿನ ನೆಂಟಸ್ತಿಕೆ ರಕ್ತದ್ದಲ್ಲ ಅಂತ ಎಲ್ಲರಿಗೂ ಗೊತ್ತು." ಅವನು ಈಗ ತಲೆ ಎತ್ತಿದ. ನಗುವಾಗ ಮುಚ್ಚಿಯೇ ಹೋಗುವ ಆ ಕಣ್ಣುಗಳು ಇವತ್ತು ಪೂರ್ತಿ ತೆರೆದಿದ್ದವು. "ಇಷ್ಟ ಇಲ್ಲ ಅನ್ನು, ತುಪರ್ನಾ. ಒಂದೇ ಸಲ. ಮತ್ತೆ ಕೇಳಲ್ಲ."

ಅವಳ ಕೈ ಕೋಟಿನ ತೋಳಿನೊಳಗೆ ದಾರಿ ಸಿಗದೆ ತಡಕಾಡಿತು. ಅವನು ಎದ್ದು ತೋಳನ್ನು ಸರಿಯಾಗಿ ಹಿಡಿದ. ಅವನ ಉಸಿರಲ್ಲಿ ಕಾಫಿಯ ಬಿಸಿ ಇತ್ತು.

"ಇಷ್ಟ ಇಲ್ಲ," ಎಂದಳು ಅವಳು, ಗೋಡೆಗೆ.

ಅವನು ತೋಳು ಬಿಟ್ಟು ಹೊರಟುಹೋದ.

ಅವಳು ಹೇಳಿದ್ದು ಸುಳ್ಳು. ನಿಜ ಏನೆಂದರೆ ಅವಳಿಗೆ ಭಯ. ಇವನದರಂತೆ ಆ ಹಳೆಯ ಎನೋಕ್‌ನ ಕೆಲಸವೂ ರನ್‌ವೇ ಮೇಲಿನ ಹಿಮ ಗುಡಿಸುವುದೇ ಆಗಿತ್ತು. ಇಂಥದೇ ಮಾರ್ಚ್ ತಿಂಗಳಲ್ಲಿ, ಗಾಳಿಗೆ ನೆಲದ ಹಿಮ ಎದ್ದ ಒಂದು ಮಧ್ಯಾಹ್ನ, ದೀಪ ನೋಡಿ ಬರುತ್ತೇನೆಂದು ಲಾರಿಯಿಂದ ಇಳಿದವನು ದಿಕ್ಕು ತಪ್ಪಿ ಫ್ಯೋರ್ಡ್ ಎಂಬ ಕಡಲ ಕೊಲ್ಲಿಯ ಕಡೆ ನಡೆದುಬಿಟ್ಟಿದ್ದ. ಹಿಮ ಕರಗಿದ ಮೇಲಷ್ಟೇ ಸಿಕ್ಕಿದ. ಹೆಸರಿನ ಜೊತೆ ಅವನ ನಗು ಬಂದಿದೆ, ಸಿಳ್ಳೆ ಬಂದಿದೆ, ಎಡಗೈ ಬಳಕೆ ಬಂದಿದೆ ಎಂದು ಜುದಿತಾ ಲೆಕ್ಕ ಹೇಳುವಾಗೆಲ್ಲ ತುಪರ್ನಾಳಿಗೆ ಒಂದೇ ಯೋಚನೆ. ಅಷ್ಟೆಲ್ಲ ಬಂದ ಮೇಲೆ ಅದೊಂದು ಬಾರದೆ ಇರುತ್ತದೆಯೇ?

ಅಜ್ಜಿಯಂತೆ ಕಿಟಕಿಯ ಬಳಿ ಕೂತು ಕಾಯುವ ಬಾಳು ತನ್ನಿಂದಾಗದು. ಅದಕ್ಕೇ ಬೇಡ ಅಂದಿದ್ದಳು.

*

ಇಲ್ಲಿ ಮೊದಲು ಬಂದದ್ದು ರನ್‌ವೇ, ಊರು ಆಮೇಲೆ. ಬೇಟೆಗೂ ಮೀನಿಗೂ ಯಾರೂ ಆರಿಸಿಕೊಳ್ಳದ ಜಾಗ ಇದು. ಹೋಟೆಲು, ಅಂಗಡಿ, ಚರ್ಚು, ಮನೆ ಎಲ್ಲವೂ ಆ ಉದ್ದನೆಯ ಡಾಂಬರಿನ ಬದಿಗೆ ಅಂಟಿಕೊಂಡಿವೆ. ಪ್ರತಿ ಅಡುಗೆಮನೆಯಲ್ಲೂ ಕಾಫಿ ಕೆಟಲ್ ಪಕ್ಕ ಒಂದು ರೇಡಿಯೊ ಇರುತ್ತದೆ. ಅದರಲ್ಲಿ ಹಾಡು ಬರುವುದಿಲ್ಲ, ವಿಮಾನಗಳಿಗೆ ದಾರಿ ಹೇಳುವ ಟವರಿನ ಮಾತು ಬರುತ್ತದೆ. ಯಾವ ವಿಮಾನ ಬಂತು, ಯಾವುದು ತಡ ಎಂದು ಕೇಳುತ್ತಲೇ ಹೆಂಗಸರು ಸೂಪು ಕುದಿಸುತ್ತಾರೆ.

ಆ ಟವರಿನ ದನಿ ತುಪರ್ನಾಳದ್ದು.

ಮಧ್ಯಾಹ್ನ ಉತ್ತರದ ಕರಾವಳಿಯಿಂದ ಸಣ್ಣ ವಿಮಾನವೊಂದು ಹೊರಟಿತ್ತು. ಅದರಲ್ಲಿ ಉಸಿರು ಕಟ್ಟುತ್ತಿದ್ದ ಎರಡು ವರ್ಷದ ಮಗು, ಮಗುವಿನ ತಾಯಿ, ಒಬ್ಬ ನರ್ಸ್. ಎನೋಕ್‌ನ ಲಾರಿ ರನ್‌ವೇಯ ತುದಿಯಿಂದ ಗುಡಿಸುತ್ತಾ ಬರುತ್ತಿತ್ತು. ಮೇಲೆ ನೀಲಿ ಆಕಾಶ, ಹೊಳೆಯುವ ಬಿಸಿಲು.

ಆಗ ಪೂರ್ವದ ಹಿಮಹಾಸಿನ ಮೇಲಿಂದ ಗಾಳಿ ಇಳಿಯಿತು.

ಇಲ್ಲಿನ ಗಾಳಿಗೆ ಒಂದೇ ದಾರಿ, ಪೂರ್ವದಿಂದ ಪಶ್ಚಿಮಕ್ಕೆ, ಕಣಿವೆಯುದ್ದಕ್ಕೂ. ನೋಡನೋಡುತ್ತಿದ್ದಂತೆ ನೆಲದ ಹಿಮ ಎದ್ದು ಒಲೆಯ ಮೇಲೆ ಹಾಲು ಉಕ್ಕಿದ ಹಾಗೆ ರನ್‌ವೇಯನ್ನು ನುಂಗಿತು. ಟವರಿನಿಂದ ಬೆಟ್ಟಗಳು ಕಾಣುತ್ತಿದ್ದವು, ಸೂರ್ಯ ಕಾಣುತ್ತಿದ್ದ. ಕೆಳಗೆ ಮಾತ್ರ ಹರಿಯುವ ಬಿಳುಪು. ಲಾರಿಯ ಹಳದಿ ದೀಪ ಒಮ್ಮೆ ಮಿಣುಕಿ, ಇಲ್ಲವಾಯಿತು.

"ಲಾರಿ, ರನ್‌ವೇ ಬಿಟ್ಟು ಈಚೆ ಬಾ."

ಉತ್ತರವಿಲ್ಲ.

"ಲಾರಿ, ಟವರ್ ಕರೀತಿದೆ. ಕೇಳಿಸ್ತಿದೆಯಾ?"

ಬರೀ ಸುಯ್ಯೆನ್ನುವ ಸದ್ದು. ಅಷ್ಟರಲ್ಲಿ ಪೈಲಟ್‌ನ ದನಿ ಬಂತು.

"ಟವರ್, ನಿಮ್ಮ ಬೆಟ್ಟ ಕಾಣ್ತಿದೆ, ರನ್‌ವೇ ಕಾಣ್ತಿಲ್ಲ. ಹತ್ತಿರದ ಬೇರೆ ನಿಲ್ದಾಣ ಎಲ್ಲ ಮಂಜು. ಒಂದು ಸುತ್ತು ಹಾಕುವಷ್ಟು ಇಂಧನ ಇದೆ. ಆಮೇಲೆ ಇಳೀಲೇಬೇಕು."

"ರನ್‌ವೇ ಮೇಲೆ ಲಾರಿ ಇರಬಹುದು. ಕಾಯಿರಿ," ಎಂದಳು. ತನ್ನ ದನಿ ಯಾರದೋ ಅನ್ನಿಸಿತು.

ಟಿಕ್.

ಯಾರೋ ಮೈಕಿನ ಗುಂಡಿ ಒತ್ತಿ ಬಿಟ್ಟ ಸದ್ದು. ಮತ್ತೆ ಟಿಕ್.

"ನೀನಾ?" ಅವಳು ಮೇಜಿನ ಮೇಲೆ ಬಾಗಿದಳು. "ಮಾತು ಬರ್ತಿಲ್ವಾ? ಮೈಕ್ ಕೆಟ್ಟಿದೆಯಾ? ಹೌದಾದರೆ ಎರಡು ಸಲ ಒತ್ತು. ಇಲ್ಲ ಅಂದ್ರೆ ಒಂದು ಸಲ."

ಟಿಕ್ ಟಿಕ್.

ಅವಳಿಗೆ ಅಳು ಬಂತು. ನುಂಗಿದಳು.

"ರನ್‌ವೇಯಿಂದ ಹೊರಗಿದ್ದೀಯಾ?"

ಟಿಕ್.

"ಎಂಜಿನ್ ಓಡ್ತಿದೆಯಾ?"

ಟಿಕ್.

"ಪೆಟ್ಟಾಗಿದೆಯಾ?"

ಸ್ವಲ್ಪ ತಡೆದು, ಟಿಕ್ ಟಿಕ್.

ಲಾರಿ ಜಾರಿ ಗಿರಗಿರ ತಿರುಗಿರಬೇಕು, ತಲೆ ಎಲ್ಲೋ ಬಡಿದಿರಬೇಕು. ಯಾವ ಕಡೆ ಮುಖ ಮಾಡಿದ್ದಾನೋ ಅವನಿಗೇ ಗೊತ್ತಿಲ್ಲ. ಅವಳು ಕಣ್ಣು ಮುಚ್ಚಿದಳು. ಅಲ್ಲಿ ಕಂಡದ್ದು ಎಂದೂ ನೋಡದ ಅಜ್ಜನ ಬೆನ್ನು, ಬಿಳುಪಿನೊಳಗೆ ನಡೆದುಹೋಗುತ್ತಿರುವ ಬೆನ್ನು.

"ಲಾರಿ ಬಿಟ್ಟು ಇಳಿ. ಓಡು. ವಿಮಾನ ಬರ್ತಿದೆ."

ಟಿಕ್.

"ಇಳಿ ಅಂದೆ!"

ಟಿಕ್.

ಅವಳಿಗೆ ಅರ್ಥವಾಯಿತು. ಅವನು ಇಳಿದರೆ ಅವನು ಉಳಿಯಬಹುದು. ಲಾರಿ ಅಲ್ಲೇ ಇರುತ್ತದೆ. ಆ ಕಬ್ಬಿಣದ ಗುಡ್ಡೆಗೆ ಮಗುವಿದ್ದ ವಿಮಾನ ಬಂದು ಬಡಿಯುತ್ತದೆ. ಅವನು ಇಳಿಯುವುದಿಲ್ಲ. ಇಳಿಯುವವನಾಗಿದ್ದರೆ ಇವಳು ಅವನಿಗಾಗಿ ಇಷ್ಟು ಹೆದರುತ್ತಲೂ ಇರಲಿಲ್ಲ.

"ಎನೋಕ್," ಎಂದಳು.

ಹುಟ್ಟಿದ ಮೇಲೆ ಮೊದಲ ಸಲ ಆ ಹೆಸರು ಅವಳ ನಾಲಿಗೆಯ ಮೇಲೆ ಬಂದಿತ್ತು. ಊರಿನ ಅಡುಗೆಮನೆಗಳಲ್ಲಿ ಸೌಟುಗಳು ನಿಂತವು.

"ಎನೋಕ್, ಕೇಳು. ಬೆಳಿಗ್ಗೆ ನಾನು ಹೇಳಿದ್ದು ಸುಳ್ಳು. ಇಷ್ಟ ಇಲ್ಲ ಅಂತ ಅಲ್ಲ. ನಿನ್ನ ಹೆಸರಿಗೆ ಹೆದರಿದೆ. ನೀನೂ ಹಾಗೇ ಹೋಗಿಬಿಡ್ತೀಯ ಅಂತ ಹೆದರಿದೆ. ಬೇಡ ಅಂದ್ರೆ ಈ ಹೆದರಿಕೆ ತಪ್ಪುತ್ತೆ ಅಂದ್ಕೊಂಡಿದ್ದೆ. ತಪ್ಪಿಲ್ಲ. ಎಂಜಿನ್ ಶುರು ಮಾಡು, ಎನೋಕ್. ಗಡಿಬಿಡಿ ಮಾಡಬೇಡ, ನಿಧಾನಕ್ಕೆ ಮಾಡು."

ಮೇಲೆ ವಿಮಾನ ಸುತ್ತು ಹಾಕುತ್ತಿತ್ತು.

ಗಡಿಯಾರದ ಕಡೆ ನೋಡಬಾರದೆಂದು ಅವಳು ಕಿಟಕಿಯನ್ನೇ ನೋಡಿದಳು. ಹಾಲು ಹರಿಯುತ್ತಲೇ ಇತ್ತು.

ಟಿಕ್ ಟಿಕ್.

"ಶುರು ಆಯ್ತಾ? ಎರಡೂ ಕಡೆ ಕಿಟಕಿ ಇಳಿಸು. ತಲೆ ಹೊರಗೆ ಹಾಕು. ಗಾಳಿ ಎಲ್ಲಿ ತಾಗ್ತಿದೆ? ಮುಖಕ್ಕಾ?"

ಟಿಕ್.

"ಬೆನ್ನಿಗಾ?"

ಟಿಕ್ ಟಿಕ್.

"ಹಾಗಾದರೆ ನೀನು ಪಶ್ಚಿಮಕ್ಕೆ ಮುಖ ಮಾಡಿದ್ದೀಯ. ಬಲಕ್ಕೆ ತಿರುಗಿಸು, ಗಾಳಿ ಬಲಗೆನ್ನೆಗೆ ತಾಗೋವರೆಗೂ ತಿರುಗಿಸು. ಆಮೇಲೆ ನೇರ ಬಾ. ರನ್‌ವೇ ಅಂಚಿನ ಬಿಳಿ ದೀಪದ ಸಾಲು ದಾಟು, ಅಲ್ಲಿ ನಿಲ್ಲಬೇಡ. ನೀಲಿ ದೀಪ ಕಾಣೋವರೆಗೂ ಬಾ. ನೀಲಿ ಕಂಡರೆ ರನ್‌ವೇ ಬಿಟ್ಟ ಹಾಗೆ, ಆಗ ಎರಡು ಸಲ ಒತ್ತು."

ಇದೆಲ್ಲ ಅವನಿಗೆ ಅವಳಿಗಿಂತ ಚೆನ್ನಾಗಿ ಗೊತ್ತು. ಬೇರೆ ದಿನವಾಗಿದ್ದರೆ ಅವನೇ ಅವಳಿಗೆ ಹೇಳಿಕೊಡುತ್ತಿದ್ದ. ಆದರೆ ಪೆಟ್ಟು ತಿಂದ ತಲೆಗೆ ಒಂದು ದನಿ ಬೇಕಿತ್ತು. ಅವಳು ಮಾತಾಡುತ್ತಲೇ ಇದ್ದಳು, ಜ್ವರದ ಮಗುವಿನ ತಲೆ ಸವರುತ್ತಾ ತಾಯಿ ಏನೇನೋ ಹೇಳುತ್ತಾಳಲ್ಲ, ಹಾಗೆ. ಬಲಗೆನ್ನೆಗೆ, ಎನೋಕ್. ಬಲಗೆನ್ನೆಗೆ ಗಾಳಿ. ಬಾ.

"ಟವರ್," ಪೈಲಟ್‌ನ ದನಿ ತಗ್ಗಿತ್ತು. "ಕ್ಷಮಿಸಿ. ಇನ್ನು ಕಾಯಲಾರೆ. ಇಳೀತಿದ್ದೀನಿ. ರನ್‌ವೇ ಖಾಲಿ ಇದೆಯಾ?"

ಅವಳು ಮೈಕಿನ ಗುಂಡಿಯ ಮೇಲೆ ಬೆರಳಿಟ್ಟಳು. ಬಿಳುಪಿನ ಮೇಲೆ ವಿಮಾನದ ದೀಪಗಳು ಕಾಣಿಸಿಕೊಂಡವು.

ಟಿಕ್.

ಒಂದೇ. ಇಲ್ಲ ಎಂದರ್ಥ.

ಟಿಕ್.

"ಖಾಲಿ!" ಅವಳು ಕಿರುಚಿದಳು. "ರನ್‌ವೇ ಖಾಲಿ ಇದೆ, ಇಳೀರಿ!"

ವಿಮಾನ ಹಾಲಿನೊಳಗೆ ಮುಳುಗಿತು. ಟೈರುಗಳ ಚೀರಾಟ, ಎಂಜಿನ್ನಿನ ಮೊರೆತ. ಆಮೇಲೆ ಪೈಲಟ್‌ನ ನಿಟ್ಟುಸಿರು ಮೈಕಿನಲ್ಲೇ ಕೇಳಿಸಿತು. "ಇಳಿದೆವು. ಮಗು ಅಳ್ತಿದೆ, ಅಂದ್ರೆ ಉಸಿರಿದೆ." ಅವನೇ ಸೇರಿಸಿದ: "ಟವರ್, ಆ ಹುಡುಗನಿಗೆ ಹೇಳಿ, ಈಗ ಅವನು ಬೇಡ ಅಂದ್ರೆ ದಡ್ಡ ಅಂತ."

*

ಎನೋಕ್ ಲಾರಿ ಅಲ್ಲೇ ಬಿಟ್ಟು, ನೀಲಿ ದೀಪಗಳನ್ನು ಹಿಡಿದು ನಡೆದೇ ಬಂದ. ಹುಬ್ಬಿನ ಮೇಲೆ ಹೆಪ್ಪುಗಟ್ಟಿದ ರಕ್ತ, ರೆಪ್ಪೆಗಳಲ್ಲಿ ಮಂಜು. ಹುಬ್ಬಿಗೆ ನರ್ಸ್ ಪಟ್ಟಿ ಹಚ್ಚಿದಳು. ಬದಲಿ ಹುಡುಗಿ ಟವರ್ ಹತ್ತಿದ ಕೂಡಲೇ ತುಪರ್ನಾ ಕೆಳಗಿಳಿದಳು. ಇಬ್ಬರೂ ದಾರಿ ತಪ್ಪದಿರಲೆಂದು ಮನೆಗಳವರೆಗೆ ಕಟ್ಟಿದ್ದ ಹಗ್ಗ ಹಿಡಿದು ಮನೆಯತ್ತ ನಡೆದರು. ದಾರಿಯಲ್ಲೊಮ್ಮೆ ಅವಳು ನಿಂತು ಅವನ ಕೋಟನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಹಣೆಯನ್ನು ಅವನ ಎದೆಗೆ ಒತ್ತಿದಳು. ಅವನು ಅಲುಗದೆ ನಿಂತ.

ಜುದಿತಾಳ ಮನೆಯ ಬಾಗಿಲಲ್ಲಿ ಬೂಟುಗಳ ರಾಶಿ ಬಿದ್ದಿತ್ತು. ಒಳಗೆ ನಗು, ಕಪ್ಪುಗಳ ಸದ್ದು, ಕೇಕಿನ ಪರಿಮಳ. ಊರಿಗೆ ಊರೇ ಬಂದು ಕೂತಿತ್ತು. ಮದುವೆ ಗೊತ್ತಾದರೆ, ಮಗು ಹುಟ್ಟಿದರೆ ಕರೆಯದೆ ಬಂದು ಕಾಫಿ ಕುಡಿಯುವುದು ಇಲ್ಲಿನ ರೂಢಿ. ಕಫೆಮಿಕ್ ಎಂಬ ಆ ಕಾಫಿಕೂಟ ಶುರುವಾಗಿಬಿಟ್ಟಿತ್ತು.

"ಅಯ್ಯೋ," ಎಂದಳು ತುಪರ್ನಾ. "ಎಲ್ಲರೂ ಕೇಳಿಸ್ಕೊಂಡಿದ್ದಾರೆ."

"ಕೇಳಿಸ್ಕೊಂಡಿದ್ದಾರೆ, ಸರಿ. ಆದರೆ ನಾನಿನ್ನೂ ಹೂಂ ಅಂದಿಲ್ಲವಲ್ಲ," ಎಂದ ಎನೋಕ್. ಬಿರಿದ ತುಟಿಯಲ್ಲಿ ನಗು ಬರುತ್ತಿತ್ತು. "ಬೆಳಿಗ್ಗೆ ಒಬ್ಬಳು ಗೋಡೆಗೆ ಏನೋ ಹೇಳಿದ್ಲು. ಆ ಗೋಡೆನ ಒಂದು ಮಾತು ಕೇಳ್ಬೇಕು."

"ಸಾಯಿ," ಎಂದುಬಿಟ್ಟಳು. ಎಂದವಳೇ ಬಾಯಿ ಮುಚ್ಚಿಕೊಂಡಳು. ಕಣ್ಣು ತುಂಬಿ ಬಂತು.

ಬಾಗಿಲು ತೆರೆಯಿತು. ಜುದಿತಾ. ಏಪ್ರನ್ ಮೇಲೆ ಕೋಟು ಹಾಕಿದ್ದಳು, ಹೊರಗೆ ಹೊರಟು ಹೊರಡಲಾಗದೆ ಅಲ್ಲೇ ನಿಂತವಳಂತೆ. ಅವಳು ಎನೋಕ್‌ನ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದು ಮುಟ್ಟಿ ಮುಟ್ಟಿ ನೋಡಿದಳು.

"ನೀನೊಬ್ಬಳೇ ಹೆದರೋದು ಅಂದ್ಕೊಂಡ್ಯಾ?" ಎಂದಳು ಮೊಮ್ಮಗಳಿಗೆ. "ಇವನ ತಾಯಿ ಹತ್ರ ಹೋಗಿ ಈ ಹೆಸರು ಇಡು ಅಂತ ಬೇಡ್ಕೊಂಡವಳು ನಾನು. ಆವತ್ತು ಅವರು ಮನೆಗೆ ಬರ್ಲಿಲ್ಲ. ಆ ಹೆಸರು ಒಂದು ಸಲನಾದ್ರೂ ಗಾಳಿಯೊಳಗಿಂದ ನಡ್ಕೊಂಡು ಮನೆಗೆ ಬರ್ಲಿ ಅಂತ ಇಡ್ಸಿದ್ದು. ಹೋಗ್ಲಿ ಅಂತ ಅಲ್ಲ ಕಣೇ."

ಆಮೇಲೆ ಮೂಗು ಒರೆಸಿಕೊಂಡು, "ಬೇಗ ಒಳಗೆ ಬನ್ನಿ, ಬಿಸಿ ಹೊರಗೆ ಹೋಗ್ತಿದೆ," ಎಂದು ಗದರಿ ಬಾಗಿಲು ಮುಂದೆ ಮಾಡಿದಳು. ಈ ಸಲ 'ರೀ' ಅನ್ನಲಿಲ್ಲ.

ಇಬ್ಬರೇ ಉಳಿದರು.

"ನಾಳೆನೂ ಆ ಲಾರಿ ಹತ್ತುತ್ತೀಯಾ?" ಕೇಳಿದಳು.

"ಹತ್ತುತ್ತೀನಿ."

"ನಾನು ನಾಳೆನೂ ಹೆದರ್ತೀನಿ. ನಾಡಿದ್ದೂ."

"ಹೆದರು," ಎಂದ ಅವನು. "ಆದರೆ ನಮ್ಮ ಮನೆಯಲ್ಲಿ ಕೂತು ಹೆದರು. ಸಂಜೆ ನಾನು ಬಂದಾಗ ಬಾಗಿಲು ತೆಗೆಯೋಕೆ ಯಾರಾದರೂ ಬೇಕಲ್ಲ."

ಅವಳು ಬಗ್ಗಿ ಅವನ ಬೂಟಿನ ಗಂಟು ಬಿಚ್ಚತೊಡಗಿದಳು. ಹೆಪ್ಪುಗಟ್ಟಿದ ಲೇಸು ಬಿಚ್ಚಲು ಬಹಳ ಹೊತ್ತು ಬೇಕಾಯಿತು. ರಾಶಿಯಲ್ಲಿ ಜಾಗವೇ ಇರಲಿಲ್ಲ. ಅವನ ಬೂಟುಗಳನ್ನು ಗೋಡೆಗೆ ಒರಗಿಸಿಟ್ಟು, ತನ್ನವನ್ನು ಅವುಗಳ ಮೇಲೆಯೇ ಇಟ್ಟಳು. ಆಮೇಲೆ ಅವನ ಕೈ ಹಿಡಿದು ಒಳಗೆ ಎಳೆದಳು.