ಕುದಿಸಿ ಆರಿಸಿದ ನೀರು

"ಈ ಸೀಸೆಗೆ ನಿಮ್ಮ ಬಾವಿ ನೀರು ತುಂಬಿಕೊಡ್ತೀರಾ?"

ಬೀದಿ ಕಿಟಕಿಯಾಚೆಯ ದನಿಗೆ ಪುಟ್ಟಬಸಮ್ಮ ಬೆಚ್ಚಿದಳು. ಹೊರಗಿನವರೊಬ್ಬರು ಅವಳನ್ನು ಮಾತಾಡಿಸಿ ನಾಲ್ಕು ತಿಂಗಳಾಗಿತ್ತು!

ಅವನು ಶಿವಮಲ್ಲಪ್ಪ, ಆಸ್ಪತ್ರೆಯ ಲ್ಯಾಬಿನವನು. ಮಾಂಬಳ್ಳಿಯ ಆ ಮನೆಯ ಬಾವಿಯನ್ನು ಹೊರಗಿನವರು ಮುಟ್ಟುವಂತಿರಲಿಲ್ಲ. ಅವಳಿದ್ದ ಬೀದಿ ಕೋಣೆಯ ಬಾಗಿಲಿಗೋ ಹೊರಗಿನಿಂದ ಬೀಗ; ಒಳಗೆ ಅವಳದೇ ಒಲೆ, ಬಾವಿ ನೀರಿನ ಕೊಡ. ಅವನು ಸೀಸೆಯನ್ನು ಸರಳುಗಳ ನಡುವೆ ತೂರಿಸಿದ; ಅವಳು ತುಂಬಿಕೊಟ್ಟಳು. ಬೆರಳಿಗೆ ಬೆರಳು ತಾಕಿತು... ಇಬ್ಬರೂ ಕಣ್ಣು ತಗ್ಗಿಸಿದರು.

ಅವ್ವ ತೀರಿಕೊಂಡ ಮೇಲೆ ಅವಳು ಸೋದರಮಾವ ವೃಷಭೇಂದ್ರಪ್ಪನ ಮನೆಗೆ ಬಂದವಳು. ಬಂದ ತಿಂಗಳೇ ಮನೆಮಂದಿಗೆಲ್ಲ ಭೇದಿ. ಇವಳಿಗೆ ಮಾತ್ರ ಏನೂ ಇಲ್ಲ!

"ಇವಳ ಕಾಲ್ಗುಣವೇ ಕಣ್ರಿ! ಊರಿಗೂ ಅಂಟಿಸ್ತಾಳೆ!" ಅತ್ತೆ ಚನ್ನಾಜಮ್ಮ ಅಂದೇ ಬೀಗ ಹಾಕಿದ್ದಳು.

ವಾರ ಕಳೆದು ಶಿವಮಲ್ಲಪ್ಪ ಚೀಟಿ ತಂದ. ನೀರು ಶುದ್ಧವಾಗಿದೆ ಎಂದು ಅದರಲ್ಲಿತ್ತು.

"ಆಸ್ಪತ್ರೆಯವ್ರೇ ಏಳವ್ರೆ, ನೀರು ಚೆಂದಾಗೈತೆ ಅಂತ! ಇನ್ನು ಈ ಬೀಗ ತೆಗೆಯೋದು ಅವಳ ಹೆಣಕ್ಕೇ!" ಎಂದು ಅತ್ತೆ ಒಳಗೆ ನಡೆದಳು.

ಕಿಟಕಿಯಲ್ಲಿ ಪುಟ್ಟಬಸಮ್ಮನ ಕಣ್ಣು ತುಂಬಿತ್ತು. "ಸುಳ್ಳು ಯಾಕೆ ಬರೆದ್ರಿ ಸಾ? ನಿಮಗೆ ನಾನೇನು ಮಾಡಿದ್ದೆ?"

"ಸುಳ್ಳಲ್ಲ ಕಣ್ರಿ! ನೀವು ಕೊಟ್ಟ ನೀರಲ್ಲಿ ಏನೂ ಇರಲಿಲ್ಲ."

"ಎಂಗಿದ್ದಾತು? ಕುದಿಸಿ ಆರಿಸಿದ್ದು..."

"ಏನಂದ್ರಿ?!"

"ದಾರೀಲಿ ಕುಡಿಯಾಕೆ ಕೇಳುದ್ರಿ ಅಂದ್ಕಂಡೆ. ಕಾಯ್ಲೆ ಮನೆ... ಹಸಿ ನೀರು ಕುಡಿದು ನಿಮಗೇನಾರ ಆದ್ರೆ? ನಮ್ಮವ್ವ ಕಲಿಸಿದ್ದು. ನಾನೂ ಅದನ್ನೇ ಕುಡಿಯೋದು."

ಅವನು ಸರಳು ಹಿಡಿದು ನಿಂತುಬಿಟ್ಟ. 'ನನ್ನ ಕಾಪಾಡೋಕೆ ಹೋಗಿ ಇವಳು ತನ್ನ ಬೀಗವನ್ನು ತಾನೇ ಬಿಗಿಮಾಡಿಕೊಂಡಳಲ್ಲ!'

ಅವನು ಅಂಗಲಾಚಿದ ಮೇಲೆ ಮಾವನೇ ಹಸಿ ನೀರು ಸೇದಿಕೊಟ್ಟ. ನಾಲ್ಕನೇ ದಿನ ಶಿವಮಲ್ಲಪ್ಪ ಎರಡು ಗಾಜಿನ ಕೊಳವೆ ತಂದು ಮಾವನಿಗೆ ತೋರಿಸಿದ. ಒಂದಕ್ಕೆ ಬಣ್ಣ ಬಂದಿರಲಿಲ್ಲ. ಇನ್ನೊಂದರ ಮೇಲ್ಗಡೆ ಕುಂಕುಮದಂಥ ಕೆಂಪು ಪದರ!

"ಬಣ್ಣ ಬರದೇ ಇರೋದು ಕುದಿಸಿದ ನೀರಿಂದು. ಕೆಂಪಗಿರೋದು ನಿಮ್ಮ ಹಸಿ ನೀರಿಂದು ಸಾ. ಸಗಣೀಲಿರೋ ಬ್ಯಾಕ್ಟೀರಿಯಾ ಇದರಲ್ಲಿ ಬೆಳೆದೈತೆ. ಅದರೊಳಗೊಂದು ಎಂಜೈಮು. ಹೆಪ್ಪು ಹಾಲನ್ನ ಮೊಸರು ಮಾಡೋ ಹಂಗೆ, ಟ್ರಿಪ್ಟೋಫ್ಯಾನ್ ಅನ್ನೋ ಅಮೈನೋ ಆಮ್ಲವನ್ನ ಅದು ಇಂಡೋಲ್ ಮಾಡ್ತದೆ. ಇಂಡೋಲ್ ಇದ್ರೆ ನಾವು ಹಾಕೋ ಮದ್ದು ಕೆಂಪಾಗ್ತದೆ. ಅದಕ್ಕೆ ಯಾರ ಕಾಲ್ಗುಣಾನೂ ಗೊತ್ತಿಲ್ಲ."

ಮಾವ ಹಿತ್ತಿಲತ್ತ ತಿರುಗಿದ. ಪುಟ್ಟಬಸಮ್ಮ ಬಂದ ತಿಂಗಳೇ ಬಾವಿಗೆ ಅಂಟಿಸಿ ಕಟ್ಟಿಸಿದ್ದ ಹೊಸ ಕೊಟ್ಟಿಗೆ... ಸಗಣಿ-ಗಂಜಲ ಬಾವಿಕಟ್ಟೆಯ ಬುಡಕ್ಕೇ ಇಳಿಯುತ್ತಿತ್ತು.

"ಬಾವಿ ಪಕ್ಕ ಬ್ಯಾಡ ಅಂತ ಬಡ್ಕಂಡೆ, ಕೇಳುದ್ರಾ?" ಅತ್ತೆ ಗಂಡನ ಮೇಲೇ ಹರಿಹಾಯ್ದಳು. ಸೆರಗಿನ ಗಂಟಿನಿಂದ ಬೀಗದ ಕೈ ಬಿಚ್ಚಿ ತಾನೇ ಬೀಗ ತೆಗೆದಳು.

ಬಾಗಿಲು ತೆರೆಯಿತು. ಆದರೂ ಪುಟ್ಟಬಸಮ್ಮ ಹೊಸಿಲ ಬಳಿ ನಿಂತೇ ಇದ್ದಳು. 'ಈ ಕಾಲು... ದಾಟಬಹುದೇ?'

ಶಿವಮಲ್ಲಪ್ಪ ಜಗುಲಿಯಿಂದಲೇ ತೊಳೆದ ಸೀಸೆ ಚಾಚಿದ.

"ಮತ್ತೆ ಪರೀಕ್ಷೇನಾ ಸಾ?"

"ಅಲ್ಲ. ಈ ಸಲ ದಾರೀಲಿ ಕುಡಿಯಾಕೇನೇ. ನಾಳಿದ್ದು ಕಾಮಗೆರೆಯಿಂದ ನಮ್ಮವ್ವನ್ನ ಕರ್ಕಂಡು ಬರ್ತೀನಿ, ಹೆಣ್ಣು ಕೇಳಾಕೆ... ನೀವು ಒಪ್ಪಿದ್ರೆ ಮಾತ್ರ."

ಅವಳ ಬಲಗಾಲು ಹೊಸಿಲು ದಾಟಿತು. ಸೀಸೆ ಹಿಡಿದಳು. ನಡುವೆ ಸರಳುಗಳಿರಲಿಲ್ಲ.

"ಕುದಿಸಿ ಆರಿಸ್ಬೇಕು... ತಡ ಆಯ್ತದೆ. ಕಾಯ್ತೀರಾ?"

"ಆರೋಗಂಟ ಕಾಯ್ತೀನಿ."